ಗೆಂಜಿಯಿಂದ ಶುರು ಮಾಡಬೇಡಿ: ಹಳೆಯ ಜಪಾನಿ ಸಾಹಿತ್ಯಕ್ಕೊಂದು ಓದುದಾರಿ

1020ರ ಸುಮಾರಿಗೆ ಜಪಾನಿನ ಪೂರ್ವ ಭಾಗದ ಕಜುಸ ಪ್ರಾಂತ್ಯದಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪ ಅಲ್ಲಿನ ಅಧಿಕಾರಿ. ರಾಜಧಾನಿ ಕ್ಯೋಟೊ ಎಷ್ಟೋ ದಿನಗಳ ಪ್ರಯಾಣದಷ್ಟು ದೂರ. ಹೊತ್ತು ಹೋಗದಾಗ ಅಕ್ಕ ಮತ್ತು ಮಲತಾಯಿ ‘ಗೆಂಜಿ ಮೊನೊಗತರಿ’ (ಗೆಂಜಿಯ ಕಥನ) ಎಂಬ ದೊಡ್ಡ ಕಾದಂಬರಿಯ ಕತೆಗಳನ್ನು ನೆನಪಿದ್ದಷ್ಟು ಹೇಳುತ್ತಿದ್ದರು. ಅಷ್ಟು ಕೇಳಿ ಹುಡುಗಿಗೆ ಸಾಲದಾಯಿತು. ತನ್ನಷ್ಟೇ ಎತ್ತರದ ಒಂದು ಬುದ್ಧನ ಮೂರ್ತಿ ಮಾಡಿಸಿಕೊಂಡು, ಯಾರೂ ಇಲ್ಲದಾಗ ಕೈತೊಳೆದು ಒಳಗೆ ಹೋಗಿ, ‘ಬೇಗ ರಾಜಧಾನಿಗೆ ಕರೆಸಿಕೊ, ಅಲ್ಲಿರುವ ಕತೆಗಳನ್ನೆಲ್ಲ ನನಗೆ ಓದಿಸು’ ಎಂದು ಹಣೆಯನ್ನು ನೆಲಕ್ಕೆ ಹಚ್ಚಿ ಬೇಡುತ್ತಿದ್ದಳು. ಕೊನೆಗೆ ಕ್ಯೋಟೊಗೆ ಬಂದಮೇಲೆ ಹತ್ತಿರದ ಬಂಧುವೊಬ್ಬಳು ಗೆಂಜಿಯ ಐವತ್ತಕ್ಕೂ ಹೆಚ್ಚು ಸಂಪುಟಗಳನ್ನು ಪೆಟ್ಟಿಗೆ ಸಮೇತ ಕೊಟ್ಟಳು. ಪರದೆಯ ಹಿಂದೆ ಒಬ್ಬಳೇ ಮಲಗಿ, ರಾತ್ರಿ ದೀಪ ಹತ್ತಿರ ಎಳೆದುಕೊಂಡು ಓದಿದಳು. ಈ ಸುಖದ ಮುಂದೆ ಮಹಾರಾಣಿಯ ಪದವಿ ಯಾವ ಲೆಕ್ಕ ಎಂದು ಮುಂದೆ ತನ್ನ ನೆನಪುಗಳಲ್ಲಿ ಬರೆದಳು. ‘ಸರಶಿನ ನಿಕ್ಕಿ’ ಎಂಬ ಆ ಬರಹ ಉಳಿದಿದೆ, ಅವಳ ಹೆಸರು ಉಳಿದಿಲ್ಲ. ಸುಗವರ ಮನೆತನದ ತಕಸುಯೆಯ ಮಗಳು ಎಂದಷ್ಟೇ ಗೊತ್ತು.

ಜಪಾನಿನ ಹಳೆಯ ಸಾಹಿತ್ಯ ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಈ ಹುಡುಗಿಯ ಕತೆ ಹೇಳುತ್ತೇನೆ. ಅವಳು ಗೆಂಜಿಯನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಅದರ ಲೋಕ ಅವಳಿಗೆ ಪರಿಚಿತವಾಗಿತ್ತು. ತುಂಡು ತುಂಡಾಗಿ ಕೇಳಿದ್ದಳು, ಹಸಿದಿದ್ದಳು. ನಾವು ಹಾಗಲ್ಲ, ‘ಜಗತ್ತಿನ ಮೊದಲ ಕಾದಂಬರಿ’ ಎಂದು ಎಲ್ಲೋ ಓದಿ ಸಾವಿರ ಪುಟಗಳ ಪುಸ್ತಕವನ್ನು ನೇರವಾಗಿ ತೆರೆಯುತ್ತೇವೆ. ನಾನೂ ಎರಡು ಸಲ ಹಾಗೆ ತೆರೆದು ಎರಡನೆಯ ಅಧ್ಯಾಯದಲ್ಲೇ ನಿಲ್ಲಿಸಿದ್ದೆ. ಮೂರನೆಯ ಸಲ ಸಣ್ಣ ಪುಸ್ತಕಗಳಿಂದ ಸುತ್ತಿಬಳಸಿ ಬಂದೆ, ಆಗ ಬಾಗಿಲು ತೆರೆಯಿತು. ಈ ಸಾಹಿತ್ಯದಲ್ಲಿ ಪ್ರತಿ ಬರಹಗಾರನೂ ತನಗಿಂತ ಹಿಂದಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾನೆ. ಯಾರು ಯಾರನ್ನು ಓದಿದ್ದರು ಎಂಬ ಜಾಡು ಹಿಡಿದು ಹೋದರೆ ಇತಿಹಾಸ ತಾನಾಗಿ ಜೋಡಣೆಯಾಗುತ್ತದೆ. ಕೆಳಗಿರುವುದು ಆ ಜಾಡು.

ಮೊದಲ ಹೆಜ್ಜೆ: ಕಾಲದ ಗೂಟಗಳು

ಐದು ಹೆಸರು ಸಾಕು. ನಾರ (710–794), ಹೆಯಾನ್ (794–1185), ಕಮಕುರ (1185–1333), ಮುರೊಮಚಿ (1336–1573), ಎದೊ (1603–1868). ಒಂದು ಕಾಗದದಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಮ್ಮ ಕಡೆಯ ಒಂದು ಗುರುತು ಬೇಕೆಂದರೆ, ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ 941ಕ್ಕೆ ಕೆಲವೇ ವರ್ಷ ಮೊದಲು, 935ರ ಸುಮಾರಿಗೆ, ಕಿ ನೊ ತ್ಸುರಯುಕಿ ಎಂಬ ಕವಿ ಹೆಣ್ಣಿನ ದನಿಯಲ್ಲಿ ‘ತೊಸ ನಿಕ್ಕಿ’ ಎಂಬ ಪ್ರವಾಸದ ದಿನಚರಿ ಬರೆದ.

ಹೆಸರುಗಳ ಬಗ್ಗೆ ಒಂದು ಮಾತು. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಡುವೆ ಬರುವ ‘ನೊ’ ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ಕಿ ನೊ ತ್ಸುರಯುಕಿ ಎಂದರೆ ಕಿ ಮನೆತನದ ತ್ಸುರಯುಕಿ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ.

ಎರಡನೆಯ ಹೆಜ್ಜೆ: ಲಿಪಿಯ ಕತೆ ತಿಳಿದುಕೊಳ್ಳಿ

ಭಾಷೆ ಕಲಿಯಬೇಕೆಂದಿಲ್ಲ, ಲಿಪಿ ಹುಟ್ಟಿದ ಬಗೆಯನ್ನು ಮಾತ್ರ ತಿಳಿಯಬೇಕು. ಅದಿಲ್ಲದೆ ಹೆಂಗಸರೇ ಏಕೆ ಅಷ್ಟು ದೊಡ್ಡ ಗದ್ಯ ಬರೆದರು ಎನ್ನುವುದು ಅರ್ಥವಾಗುವುದಿಲ್ಲ.

ಜಪಾನಿಗೆ ಸ್ವಂತ ಲಿಪಿ ಇರಲಿಲ್ಲ. ಚೀನಾದ ಅಕ್ಷರಗಳು ಬಂದವು. 712ರ ‘ಕೊಜಿಕಿ’, 720ರ ‘ನಿಹೊನ್ ಶೊಕಿ’ ಎರಡೂ ಚೀನೀ ಅಕ್ಷರಗಳಲ್ಲೇ ಬರೆದ ಪುರಾಣ ಮತ್ತು ರಾಜಚರಿತ್ರೆ. ಆದರೆ ಹಾಡನ್ನು ಹಾಗೆ ಬರೆಯಲಾಗುವುದಿಲ್ಲ, ಹಾಡಿಗೆ ತನ್ನ ಭಾಷೆಯ ಸದ್ದೇ ಬೇಕು. ಹಾಗಾಗಿ ಚೀನೀ ಅಕ್ಷರಗಳನ್ನು ಅರ್ಥ ಬಿಟ್ಟು ಬರೀ ಉಚ್ಚಾರಣೆಗಾಗಿ ಬಳಸಿದರು. 20 ಸಂಪುಟಗಳ, ನಾಲ್ಕೂವರೆ ಸಾವಿರ ಹಾಡುಗಳ ‘ಮನ್‌ಯೋಶೂ’ ಉಳಿದಿರುವುದು ಈ ಉಪಾಯದಿಂದ. ಅದರಲ್ಲಿ ಅರಸರ ಹಾಡುಗಳ ಜೊತೆಗೆ ದೂರದ ಗಡಿ ಕಾಯಲು ಹೊರಟ ಸಾಮಾನ್ಯ ಸೈನಿಕರು ಅಪ್ಪ ಅಮ್ಮನನ್ನು ನೆನೆದು ಕಟ್ಟಿದ ಹಾಡುಗಳೂ ಇವೆ. ಅವನ್ನು ಹುಡುಕಿ ಓದಿ.

ಹೀಗೆ ಸದ್ದಿಗೆ ಬಳಸಿದ ಅಕ್ಷರಗಳನ್ನು ಬೇಗ ಬೇಗ ಬರೆಯುತ್ತ ಬರೆಯುತ್ತ ಅವು ಸವೆದು ಹಗುರಾಗಿ ಹಿರಗನ ಲಿಪಿಯಾದವು. ಆಸ್ಥಾನದ ಗಂಡಸರ ಅಧಿಕೃತ ಬರಹ ಚೀನೀ ಭಾಷೆಯಲ್ಲೇ ಮುಂದುವರಿಯಿತು. ಹೊಸ ಲಿಪಿಗೆ ‘ಹೆಣ್ಣಿನ ಕೈ’ ಎಂದೇ ಹೆಸರು ಬಂತು. ಆಡುವ ಭಾಷೆಯಲ್ಲಿ ಬರೆಯುವ ಸ್ವಾತಂತ್ರ್ಯ ಯಾರಿಗೆ ದಕ್ಕಿತೋ ಅವರಿಂದಲೇ ದೊಡ್ಡ ಗದ್ಯ ಬಂತು.

ಇಲ್ಲಿ ನಮಗೊಂದು ಸಂತೋಷವಿದೆ. ಜಪಾನಿ ಅಕ್ಷರಮಾಲೆಯನ್ನು ಇಂದು ಹೇಳಿಕೊಡುವ ಕ್ರಮ ನೋಡಿ: ಮೊದಲು ಸ್ವರಗಳಾದ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ‘ಸ’ ಇರುವ ಜಾಗದಲ್ಲಿ ನಮ್ಮ ‘ಚ’ ವರ್ಗವನ್ನೂ ‘ಹ’ ಇರುವ ಜಾಗದಲ್ಲಿ ‘ಪ’ ವರ್ಗವನ್ನೂ ಇಟ್ಟುಕೊಳ್ಳಿ, ಗಂಟಲಿನಿಂದ ತುಟಿಯವರೆಗೆ ಬರುವ ನಮ್ಮ ವರ್ಣಮಾಲೆಯೇ ಕಾಣುತ್ತದೆ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತವನ್ನು ಸಿದ್ಧಂ ಲಿಪಿಯಲ್ಲಿ ಕಲಿತರು. ಆ ಕಲಿಕೆಯಿಂದ ಬಂದ ಕ್ರಮ ಇದು.

ಮೂರನೆಯ ಹೆಜ್ಜೆ: ಒಂದೇ ಒಂದು ಪದ್ಯದ ಜೊತೆ ಒಂದು ವಾರ

905ರಲ್ಲಿ ಚಕ್ರವರ್ತಿ ದೈಗೊನ ಅಪ್ಪಣೆಯ ಮೇರೆಗೆ ‘ಕೊಕಿನ್‌ಶೂ’ ಎಂಬ ಸಂಕಲನದ ಕೆಲಸ ನಡೆಯಿತು, ಸುಮಾರು 1,100 ಪದ್ಯ. ಅದೇ ತ್ಸುರಯುಕಿ ಮುನ್ನುಡಿಯಲ್ಲಿ, ನಮ್ಮ ನಾಡಿನ ಹಾಡಿಗೆ ಮನುಷ್ಯನ ಮನಸ್ಸೇ ಬೀಜ, ಅದರಿಂದ ಮಾತಿನ ಸಾವಿರಾರು ಎಲೆಗಳು ಚಿಗುರುತ್ತವೆ ಎಂಬ ಅರ್ಥದಲ್ಲಿ ಬರೆದ. ಮುಂದಿನ ಐನೂರಕ್ಕೂ ಹೆಚ್ಚು ವರ್ಷ ಜಪಾನಿ ಕಾವ್ಯದ ರುಚಿಯನ್ನು ಈ ಪುಸ್ತಕವೇ ತೀರ್ಮಾನಿಸಿತು. ಇಡೀ ಸಂಕಲನ ಓದುವುದು ಆಮೇಲೆ ಇರಲಿ, ಮೊದಲು ಒನೊ ನೊ ಕೊಮಚಿ ಎಂಬ ಕವಯಿತ್ರಿಯ ಈ ಪದ್ಯವನ್ನು ಬಾಯಿಬಿಟ್ಟು ಓದಿ:

ಹನ ನೊ ಇರೊ ವ
ಉತ್ಸುರಿನಿಕೆರಿ ನ
ಇತಜುರ ನಿ
ವಗ ಮಿ ಯೊ ನಿ ಫುರು
ನಗಮೆ ಸೆಶಿ ಮ ನಿ

ಐದು ಪಾದ, 5-7-5-7-7 ಮಾತ್ರೆ. ನಮ್ಮ ಹಾಗೆಯೇ ದೀರ್ಘಕ್ಕೆ ಎರಡು ಎಣಿಸುತ್ತಾರೆ. ಕೊನೆಯ ‘ನ್’ ಕೂಡ ಒಂದು ಮಾತ್ರೆ. ಲಘು-ಗುರು ಹಾಕಿ ಬಲ್ಲ ಕನ್ನಡಿಗರಿಗೆ ಇದು ಬೇರೆಯವರಿಗಿಂತ ಬೇಗ ಕಿವಿಗೆ ಹತ್ತುತ್ತದೆ. ಮೊದಲ ಪಾದದಲ್ಲಿ ಐದರ ಬದಲು ಆರು ಇರುವುದನ್ನು ಗಮನಿಸಿದಿರಾ? ಪಾದದ ನಡುವೆ ‘ಇ’ಯಂಥ ಬರೀ ಸ್ವರ ಬಂದಾಗ ಒಂದು ಹೆಚ್ಚಾದರೂ ನಡೆಯುತ್ತಿತ್ತು.

ಮೇಲ್ನೋಟದ ಅರ್ಥ: ಹೂವಿನ ಬಣ್ಣ ಮಾಸಿಯೇ ಹೋಯಿತು, ಸುಮ್ಮನೆ, ಬೀಳುವ ದೀರ್ಘ ಮಳೆಯನ್ನು ನಾನು ನೋಡುತ್ತ ಕೂತಿದ್ದಾಗ. ಈಗ ಕೊನೆಯ ಎರಡು ಪಾದಗಳನ್ನು ಬಿಚ್ಚಿ ನೋಡಿ. ‘ಫುರು’ ಎಂದರೆ ಮಳೆ ಬೀಳುವುದು. ಬಾಳು ಸವೆಯುವುದು, ಕಾಲ ಕಳೆಯುವುದು ಎಂದೂ ಆಗುತ್ತದೆ. ‘ನಗಮೆ’ ಎಂದರೆ ಯೋಚನೆಯಲ್ಲಿ ಮುಳುಗಿ ದಿಟ್ಟಿಸುವುದು, ಜೊತೆಗೆ ‘ನಗ-ಅಮೆ’, ಬಿಡದ ಮಳೆ. ‘ಇರೊ’ ಬಣ್ಣವೂ ಹೌದು, ಪ್ರೇಮವೂ ಹೌದು. ಹೂವು ಮಾಸಿದ್ದು ಮಳೆಯಲ್ಲಿ, ಅವಳು ಮಾಸಿದ್ದು ನೋಡುತ್ತ ಕೂತಲ್ಲಿ. ಎರಡೂ ಒಂದೇ ವಾಕ್ಯ. ಶ್ಲೇಷೆ ಎಂದರೆ ಪಾಂಡಿತ್ಯದ ಆಟ ಎಂದು ನಮ್ಮಲ್ಲಿ ಬೇಸರಪಡುವವರಿದ್ದಾರೆ. ಈ ಪದ್ಯದಲ್ಲಿ ಶ್ಲೇಷೆಯನ್ನು ತೆಗೆದರೆ ದುಃಖವೇ ಹೊರಟುಹೋಗುತ್ತದೆ. ‘ಫುರು’ ಎಂಬ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಇದು ಹಿಡಿಸಿದರೆ ಮುಂದಕ್ಕೆ ‘ಹ್ಯಾಕುನಿನ್ ಇಶ್ಶು’, ನೂರು ಕವಿಗಳ ಒಂದೊಂದು ಪದ್ಯ. ಹದಿಮೂರನೆಯ ಶತಮಾನದಲ್ಲಿ ಫುಜಿವರ ನೊ ತೆಯ್ಕ ಆರಿಸಿದ್ದು. ಕೊಮಚಿಯ ಈ ಪದ್ಯ ಅಲ್ಲಿ ಒಂಬತ್ತನೆಯದು. ಜಪಾನಿನಲ್ಲಿ ಹೊಸ ವರ್ಷದ ಹೊತ್ತಿಗೆ ಈ ನೂರು ಪದ್ಯಗಳನ್ನಿಟ್ಟುಕೊಂಡು ಎಲೆಯಾಟ ಆಡುತ್ತಾರೆ: ಒಬ್ಬರು ಪದ್ಯ ಓದುತ್ತಿದ್ದಂತೆ ಅದರ ಉತ್ತರಾರ್ಧ ಬರೆದ ಎಲೆಯನ್ನು ಬೇರೆಯವರಿಗಿಂತ ಮೊದಲು ಎತ್ತಬೇಕು. ದಿನಕ್ಕೊಂದು ಓದಿದರೆ ಮೂರು ತಿಂಗಳ ಚಿಲ್ಲರೆ.

ನಾಲ್ಕನೆಯ ಹೆಜ್ಜೆ: ಸಣ್ಣ ಗದ್ಯ

ಮೊದಲು ‘ತಕೆತೊರಿ ಮೊನೊಗತರಿ’. ಬಿದಿರು ಕಡಿಯುವ ಮುದುಕನಿಗೆ ಹೊಳೆಯುವ ಬಿದಿರಿನೊಳಗೆ ಬೆರಳುದ್ದದ ಹೆಣ್ಣುಮಗು ಸಿಗುತ್ತದೆ. ಬೆಳೆದ ಕಗುಯಾಹಿಮೆ ತನ್ನನ್ನು ಮದುವೆಯಾಗಬೇಕೆಂದು ಬಂದ ಐವರಿಗೂ ಆಗದ ಕೆಲಸ ಒಪ್ಪಿಸುತ್ತಾಳೆ. ಒಬ್ಬನಿಗೆ, ಭಾರತದಲ್ಲಿರುವ ಬುದ್ಧನ ಕಲ್ಲಿನ ಭಿಕ್ಷಾಪಾತ್ರೆ ತಾ ಎನ್ನುತ್ತಾಳೆ. ಆತ ಹೊರಟಂತೆ ಮಾಡಿ, ಮೂರು ವರ್ಷ ಬಿಟ್ಟು, ಹತ್ತಿರದ ಬೆಟ್ಟದ ಗುಡಿಯಲ್ಲಿದ್ದ ಮಸಿ ಹಿಡಿದ ಬೋಗುಣಿಯನ್ನು ಎತ್ತಿಕೊಂಡು ಬರುತ್ತಾನೆ. ನಿಜವಾದ ಪಾತ್ರೆಯಾದರೆ ಮಿಂಚುಹುಳದಷ್ಟಾದರೂ ಬೆಳಕಿರಬೇಕಿತ್ತಲ್ಲ ಎಂದು ಅವಳು ನೋಡುತ್ತಾಳೆ, ಬೆಳಕಿಲ್ಲ. ಒಂದು ಸಂಜೆಯ ಓದು. ಕತೆ ಹೇಳುವ ಸಾಹಿತ್ಯಕ್ಕೆಲ್ಲ ಇದೇ ಹಿರಿಯಜ್ಜ ಎಂದು ಗೆಂಜಿಯ ಒಳಗೇ ಒಂದು ಮಾತು ಬರುತ್ತದೆ.

ಆಮೇಲೆ ಸೇ ಶೋನಗೊನ್ ಬರೆದ ‘ಮಕುರ ನೊ ಸೋಶಿ’, 1000ದ ಆಸುಪಾಸಿನದು. ರಾಣಿ ತೇಶಿಯ ಬಳಿ ಇದ್ದ ಹೆಂಗಸು. ಸುಮಾರು ಮುನ್ನೂರು ತುಣುಕುಗಳು, ಎಲ್ಲಿಂದ ಬೇಕಾದರೂ ಓದಬಹುದು. ಮೊದಲ ತುಣುಕನ್ನು ಮಾತ್ರ ಮೊದಲೇ ಓದಿ: ವಸಂತದಲ್ಲಿ ಚೆಂದ ನಸುಕು, ಬೇಸಿಗೆಯಲ್ಲಿ ರಾತ್ರಿ, ಶರತ್ಕಾಲದಲ್ಲಿ ಸಂಜೆ, ಗೂಡಿಗೆ ಮರಳುವ ಕಾಗೆಗಳು ಮೂರು, ನಾಲ್ಕು, ಎರಡಾಗಿ ಹಾರುವುದು. ಚಳಿಗಾಲದಲ್ಲಿ ಮುಂಜಾನೆ, ಅವಸರದಿಂದ ಬೆಂಕಿ ಮಾಡಿ ಕೆಂಡ ಹೊತ್ತು ಓಡಾಡುವ ಜನ. ಮಧ್ಯಾಹ್ನದ ಹೊತ್ತಿಗೆ ಅಗ್ಗಿಷ್ಟಿಕೆಯ ಕೆಂಡ ಬಿಳಿ ಬೂದಿಯಾದರೆ ಅದು ಚೆನ್ನಾಗಿ ಕಾಣದು ಎಂದು ಮುಗಿಸುತ್ತಾಳೆ. ಆ ಬೂದಿಯ ಸಾಲಿಗಾಗಿ ನನಗೆ ಅವಳ ಮೇಲೆ ಬಹಳ ಪ್ರೀತಿ. ಎದೆ ಡವಗುಟ್ಟಿಸುವ ಸಂಗತಿಗಳು, ಮೈ ಉರಿಸುವ ಸಂಗತಿಗಳು ಎಂದು ಪಟ್ಟಿ ಮಾಡುತ್ತಾಳೆ. ಓದಿದ ದಿನ ನಿಮ್ಮದೇ ಒಂದು ಪಟ್ಟಿ ಬರೆದು ನೋಡಿ. ಕಣ್ಣಿಗೆ ಕಂಡದ್ದನ್ನೇ ಬರೆಯುವುದು ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಹಿಮ ಬಿದ್ದ ಒಂದು ದಿನ ರಾಣಿ ಅವಳನ್ನು ಕೇಳುತ್ತಾಳೆ: ‘ಶೋನಗೊನ್, ಕೋರೊ ಶಿಖರದ ಮೇಲಿನ ಹಿಮ ಹೇಗಿದೆ?’ ಆ ಶಿಖರ ಚೀನಾದಲ್ಲಿದೆ. ಶೋನಗೊನ್ ಉತ್ತರ ಕೊಡದೆ ಎದ್ದು ಕಿಟಕಿಯ ಪರದೆಯನ್ನು ಮೇಲೆತ್ತಿಸುತ್ತಾಳೆ. ಚೀನೀ ಕವಿ ಬೈ ಜುಯಿಯ ಪದ್ಯದಲ್ಲಿ, ಪರದೆ ಎತ್ತಿ ಆ ಶಿಖರದ ಹಿಮ ನೋಡುವ ಸಾಲಿದೆ. ಇಬ್ಬರೂ ಓದಿದವರು. ಇದೇ ನಾನು ಹೇಳಿದ ಜಾಡು. ಆದರೆ ಇನ್ನೊಬ್ಬ ರಾಣಿಯ ಬಳಿಯಿದ್ದ, ಗೆಂಜಿ ಬರೆದ ಮುರಸಕಿ ಶಿಕಿಬು ತನ್ನ ದಿನಚರಿಯಲ್ಲಿ ಶೋನಗೊನ್‌ಳನ್ನು ಜಂಬದವಳು, ಚೀನೀ ಬರಹವನ್ನು ಎಲ್ಲೆಲ್ಲೂ ಚೆಲ್ಲುತ್ತಾಳೆ, ನೋಡಿದರೆ ಅದರಲ್ಲಿ ಕೊರತೆಗಳೇ ಹೆಚ್ಚು ಎಂದು ಕಟುವಾಗಿ ಬರೆದಳು. ಮುರಸಕಿಯೂ ಚೀನೀ ಬಲ್ಲವಳು. ಸೋದರನಿಗೆ ಪಾಠ ನಡೆಯುವಾಗ ಪಕ್ಕದಲ್ಲಿ ಕೂತು ಅವನಿಗಿಂತ ಬೇಗ ಕಲಿತಳು. ಇವಳು ಗಂಡಾಗಲಿಲ್ಲವಲ್ಲ ಎಂದು ಅಪ್ಪ ಕೊರಗುತ್ತಿದ್ದನಂತೆ.

ಮೂರನೆಯದು ಕಮೊ ನೊ ಚೋಮೆಯ್ 1212ರಲ್ಲಿ ಬರೆದ ‘ಹೋಜೋಕಿ’. ಕೆಲವೇ ಪುಟ. ಹರಿಯುವ ಹೊಳೆ ನಿಲ್ಲುವುದಿಲ್ಲ, ಆದರೆ ನೀರು ಮೊದಲಿನ ನೀರಲ್ಲ ಎಂದು ಶುರುವಾಗಿ, 1177ರ ಬೆಂಕಿ, 1180ರ ಸುಂಟರಗಾಳಿ, ಬರಗಾಲ, 1185ರ ಭೂಕಂಪ ಎಲ್ಲವನ್ನೂ ಕಣ್ಣಾರೆ ಕಂಡವನ ನಿಖರತೆಯಲ್ಲಿ ಹೇಳುತ್ತದೆ. ಕೊನೆಗೆ ಬೆಟ್ಟದಲ್ಲಿ ಹತ್ತಡಿ ಚದರದ ಗುಡಿಸಲು.

ಐದನೆಯ ಹೆಜ್ಜೆ: ಕಿವಿಯಿಂದ ಓದುವ ಪುಸ್ತಕ

ಚೋಮೆಯ್ ಕಂಡ ಆ ಕಾಲದಲ್ಲೇ, 1180ರಿಂದ 1185ರವರೆಗೆ, ತೈರ ಮತ್ತು ಮಿನಮೊತೊ ಮನೆತನಗಳು ಕಾದಾಡಿದವು. ‘ಹೇಕೆ ಮೊನೊಗತರಿ’ ಆ ಯುದ್ಧದ ಕತೆ. ಕಣ್ಣಿಲ್ಲದ ಗಾಯಕರು ಬಿವ ಎಂಬ ತಂತಿವಾದ್ಯ ನುಡಿಸುತ್ತ ಊರೂರು ತಿರುಗಿ ಹಾಡಿದ್ದು. ಇಂದು ಹೆಚ್ಚು ಓದುವ ಪಾಠವನ್ನು ಕಕುಇಚಿ ಎಂಬ ಗಾಯಕ 1371ರಲ್ಲಿ ಬರೆಸಿದ. ಓದುವ ಮೊದಲು ಬಿವ ಜೊತೆಗಿನ ಗಾಯನದ ಒಂದು ಧ್ವನಿಮುದ್ರಣ ಕೇಳಿ. ಗಮಕ ಕೇಳಿದ ಕಿವಿಗೆ ಇದರ ನಡೆ ಕಷ್ಟವಾಗದು.

ಮೊದಲ ಸಾಲೇ ನಮ್ಮ ಕಡೆಯದು: ‘ಗಿಯೊನ್ ಶೋಜ ನೊ ಕನೆ ನೊ ಕೊಯೆ.’ ಗಿಯೊನ್ ಶೋಜ ಎಂದರೆ ಶ್ರಾವಸ್ತಿಯ ಜೇತವನ ವಿಹಾರ. ಅದರ ಗಂಟೆ ಎಲ್ಲವೂ ಅನಿತ್ಯ ಎಂದು ಮೊಳಗುತ್ತದೆ, ಬುದ್ಧ ಕಣ್ಮುಚ್ಚಿದಲ್ಲಿನ ಸಾಲವೃಕ್ಷದ ಹೂಗಳು ಏಳುವವರೆಲ್ಲ ಬೀಳಲೇಬೇಕೆಂದು ತೋರುತ್ತವೆ.

ಎಲ್ಲ ಹನ್ನೆರಡು ಭಾಗಗಳನ್ನೂ ಒಂದೇ ಉಸಿರಿಗೆ ಓದಬೇಡಿ, ಹೆಸರುಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ. ಮೊದಲು ಅತ್ಸುಮೊರಿಯ ಸಾವು. ಇಚಿನೊತನಿಯ ಕಡಲ ದಡದಲ್ಲಿ ಕುಮಗಯ್ ಎಂಬ ಯೋಧ ಒಬ್ಬ ಶತ್ರುವನ್ನು ಕೆಡವಿ ಶಿರಸ್ತ್ರಾಣ ಸರಿಸಿದರೆ, ಒಳಗೆ ತನ್ನ ಮಗನ ವಯಸ್ಸಿನ ಹುಡುಗನ ಮುಖ. ಬಿಡಬೇಕೆಂದುಕೊಳ್ಳುತ್ತಾನೆ, ಹಿಂದಿನಿಂದ ತನ್ನ ಕಡೆಯ ಸವಾರರು ಬರುತ್ತಿದ್ದಾರೆ. ಅಳುತ್ತಲೇ ತಲೆ ಕಡಿಯುತ್ತಾನೆ. ಆಮೇಲೆ ಹುಡುಗನ ಸೊಂಟದಲ್ಲಿ ಕೊಳಲು ಸಿಗುತ್ತದೆ. ಬೆಳಗಿನ ಜಾವ ಕೋಟೆಯೊಳಗಿಂದ ಕೇಳಿದ್ದ ಕೊಳಲು ಇದೇ ಇರಬೇಕು. ಇದಾದ ಮೇಲೆ ಜೆಅಮಿ ಬರೆದ, ಮುಖವಾಡ ತೊಟ್ಟು ಹಾಡು-ಕುಣಿತದಲ್ಲಿ ಆಡುವ ‘ನೋ’ ಪ್ರಕಾರದ ನಾಟಕ ‘ಅತ್ಸುಮೊರಿ’ ಓದಿ: ಕುಮಗಯ್ ಸನ್ಯಾಸಿಯಾಗಿ ಅದೇ ದಡಕ್ಕೆ ಬರುತ್ತಾನೆ, ಸತ್ತ ಹುಡುಗ ಎದುರಾಗುತ್ತಾನೆ. ನೋ ನಾಟಕವನ್ನು ಹೀಗೆ ಮೂಲದ ಕತೆ ಓದಿಯೇ ಓದಬೇಕು. ನೋಡುವವರಿಗೆ ಕತೆ ಗೊತ್ತಿದೆ ಎಂದು ನಂಬಿ ಬರೆದದ್ದು ಅದು.

ಇದೇ ಬಗೆಯ ಇನ್ನೊಂದು ಜೋಡಿ ಕನ್ನಡಿಗರಿಗಾಗಿ. ‘ಕೊಂಜಕು ಮೊನೊಗತರಿಶೂ’ ಸಾವಿರಕ್ಕೂ ಹೆಚ್ಚು ಕತೆಗಳ ಭಂಡಾರ. 31 ಸಂಪುಟಗಳಲ್ಲಿ ಮೂರು ಕಳೆದುಹೋಗಿವೆ. ಮೊದಲ ಐದು ಪೂರ್ತಿ ಭಾರತದ ಕತೆಗಳು. ಐದನೆಯದರಲ್ಲಿ ಒಂಟಿಕೊಂಬಿನ ಋಷಿಯೊಬ್ಬ ಮಳೆಯಲ್ಲಿ ಬೆಟ್ಟದ ದಾರಿಯಲ್ಲಿ ಜಾರಿ ಬಿದ್ದು, ಮಳೆ ತರುವ ನಾಗರಾಜರನ್ನು ಸಿಟ್ಟಿನಿಂದ ನೀರಿನ ಗಡಿಗೆಯಲ್ಲಿ ಕೂಡಿಹಾಕುತ್ತಾನೆ. ಬರ ಬೀಳುತ್ತದೆ. ಅರಸ ಸುಂದರಿಯರನ್ನು ಕಳುಹಿಸುತ್ತಾನೆ. ಋಷಿಯ ತಪಸ್ಸು ಕೆಡುತ್ತದೆ, ಮಳೆ ಸುರಿಯುತ್ತದೆ. ಇವನು ನಮ್ಮ ಋಷ್ಯಶೃಂಗ. ಶೃಂಗೇರಿಯ ಹತ್ತಿರದ ಕಿಗ್ಗದಲ್ಲಿ ಮಳೆಗಾಗಿ ಜನ ಇಂದಿಗೂ ಬೇಡಿಕೊಳ್ಳುವುದು ಇವನನ್ನೇ. ‘ಇಕ್ಕಾಕು ಸೆನ್ನಿನ್’ ಎಂಬ ನೋ ನಾಟಕ, 1742ರ ಕಬುಕಿ ನಾಟಕ ‘ನರುಕಮಿ’ ಎರಡರ ಬೇರೂ ಇಲ್ಲಿದೆ.

ಆರನೆಯ ಹೆಜ್ಜೆ: ಈಗ ಗೆಂಜಿ

54 ಅಧ್ಯಾಯ, ಸುಮಾರು 800 ಪದ್ಯ, ನಾನೂರಕ್ಕೂ ಹೆಚ್ಚು ಪಾತ್ರಗಳು. ತೊಡಕು ಇರುವುದು ಪಾತ್ರಗಳಿಗೆ ಹೆಸರಿಲ್ಲದ್ದರಲ್ಲಿ. ಹುದ್ದೆ, ಮನೆ ಇರುವ ಬೀದಿ, ಒಂದು ಪದ್ಯದಲ್ಲಿ ಬಂದ ಹೂವು, ಇವುಗಳಿಂದ ಗುರುತಿಸುತ್ತಾರೆ. ಬಡ್ತಿ ಬಂದರೆ ಕರೆಯುವ ಬಗೆಯೂ ಬದಲಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ವಂಶವೃಕ್ಷ ಬರೆಯುತ್ತ ಹೋಗಿ, ನಾಚಿಕೆ ಬೇಡ.

ಇಂಗ್ಲಿಷಿನಲ್ಲಿ ಓದುವವರಿಗೆ ನನ್ನ ಸಲಹೆ: ಮೊದಲ ಓದಿಗೆ 1976ರ ಸೈಡೆನ್‌ಸ್ಟಿಕರ್ ಅನುವಾದ. ಓಟ ಚೆನ್ನಾಗಿದೆ. ಟಿಪ್ಪಣಿ ಬೇಕೆನ್ನುವವರಿಗೆ 2001ರ ರಾಯಲ್ ಟೈಲರ್. 1925ರಿಂದ 1933ರವರೆಗೆ ಬಂದ ಆರ್ಥರ್ ವೇಲಿಯ ಅನುವಾದದ ಇಂಗ್ಲಿಷ್ ಸೊಗಸಾದದ್ದು, ಆದರೆ ಆತ ಒಂದು ಇಡೀ ಅಧ್ಯಾಯವನ್ನೇ ಬಿಟ್ಟಿದ್ದಾನೆ.

ಒಂದನೆಯ ಅಧ್ಯಾಯ ಓದಿ, ಎರಡು-ಮೂರನ್ನು ಸದ್ಯ ಬಿಟ್ಟು, 4, 5, 9, 12ಕ್ಕೆ ಹೋಗಿ. ಐದರಲ್ಲಿ ಕಥಾನಾಯಕ ಗೆಂಜಿ ಹತ್ತು ವರ್ಷದ ಹುಡುಗಿಯನ್ನು ಎತ್ತಿಕೊಂಡು ಹೋಗಿ ಮನೆಯಲ್ಲಿಟ್ಟು ಬೆಳೆಸುತ್ತಾನೆ, ಮುಂದೆ ಹೆಂಡತಿಯಾಗಿ ಮಾಡಿಕೊಳ್ಳುತ್ತಾನೆ. ಓದುವಾಗ ಸಂಕಟವಾಗುತ್ತದೆ, ಆಗಬೇಕು. ಮುರಸಕಿ ಶಿಕಿಬು ಆ ಹುಡುಗಿಯ ಅಳುವನ್ನು, ಅವಮಾನವನ್ನು ಮುಚ್ಚಿಟ್ಟಿಲ್ಲ.

ಒಂಬತ್ತನೆಯ ಅಧ್ಯಾಯದ ಒಂದು ಚಿತ್ರಕ್ಕಾಗಿ ಇಡೀ ಪುಸ್ತಕ ಓದಬಹುದು ಎನ್ನುತ್ತೇನೆ. ಗೆಂಜಿಯ ಬಸುರಿ ಹೆಂಡತಿಗೆ ಯಾವುದೋ ಜೀವಾತ್ಮ ಮೆಟ್ಟಿಕೊಂಡಿದೆ. ಅದನ್ನು ಬಿಡಿಸಲು ಭಿಕ್ಷುಗಳು ಬೆಂಕಿಯಲ್ಲಿ ಕಾಳು ಸುಡುತ್ತಿದ್ದಾರೆ. ಆ ಅಗ್ನಿಕಾರ್ಯಕ್ಕೆ ಜಪಾನಿಯಲ್ಲಿ ‘ಗೊಮ’ ಎನ್ನುತ್ತಾರೆ, ನಮ್ಮ ‘ಹೋಮ’ವೇ ಅದು. ಊರಿನ ಇನ್ನೊಂದು ಕಡೆ, ಗೆಂಜಿಯಿಂದ ಅವಮಾನಗೊಂಡ ರೊಕುಜೋ ಎಂಬ ಹೆಂಗಸು ತನ್ನ ಬಟ್ಟೆಯಲ್ಲಿ ಆ ಸುಟ್ಟ ಕಾಳಿನ ವಾಸನೆ ಬರುತ್ತಿರುವುದನ್ನು ಗಮನಿಸುತ್ತಾಳೆ. ಕೂದಲು ತೊಳೆಯುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ವಾಸನೆ ಹೋಗುವುದಿಲ್ಲ. ಹಾಗಾದರೆ ಮೆಟ್ಟಿಕೊಂಡದ್ದು ತಾನೇ. ತನಗೇ ತಿಳಿಯದ ತನ್ನ ಸಿಟ್ಟನ್ನು ಒಬ್ಬ ಹೆಂಗಸು ವಾಸನೆಯಿಂದ ಪತ್ತೆಮಾಡುತ್ತಾಳೆ. ಸಾವಿರ ವರ್ಷದ ಹಿಂದಿನ ಬರಹ ಇದು.

ಇಷ್ಟಾದ ಮೇಲೆ ಮೊದಲಿನಿಂದ ಸಾಲಾಗಿ ಓದಿ, ತಿಂಗಳಿಗೆ ಐದಾರು ಅಧ್ಯಾಯ. ಕೊನೆಯ ಹತ್ತು, ಉಜಿ ಊರಿನ ಅಧ್ಯಾಯಗಳನ್ನು ಅವಸರಪಡಿಸಬೇಡಿ. ಗೆಂಜಿ ಆಗಲೇ ಸತ್ತಿರುತ್ತಾನೆ. ಅವನ ಸಾವಿನ ವರ್ಣನೆ ಎಲ್ಲೂ ಇಲ್ಲ, ‘ಮೋಡದಲ್ಲಿ ಮರೆ’ ಎಂಬ ಬರೀ ಅಧ್ಯಾಯದ ಹೆಸರೊಂದು ಪರಂಪರೆಯಲ್ಲಿ ಉಳಿದುಬಂದಿದೆ.

ಕೊನೆಯ ಹೆಜ್ಜೆ: ಬಾಶೋ

ಹೈಕು ಸಣ್ಣದು ಎಂದು ಎಲ್ಲರೂ ಹೈಕು ಕವಿ ಬಾಶೋನಿಂದ ಶುರು ಮಾಡುತ್ತಾರೆ. ನಾನು ಕೊನೆಗೆ ಇಡುತ್ತೇನೆ, ಏಕೆಂದರೆ ಅವನು ಹಿಂದಿನದ್ದೆಲ್ಲವನ್ನೂ ಓದಿ ನಡೆದವನು. 1689ರಲ್ಲಿ ಶಿಷ್ಯ ಸೊರನ ಜೊತೆ ಎದೊ (ಇಂದಿನ ಟೋಕಿಯೊ) ಬಿಟ್ಟು ಉತ್ತರಕ್ಕೆ ಹೊರಟ. ‘ಒಕು ನೊ ಹೊಸೊಮಿಚಿ’ ಆ ಪ್ರವಾಸದ ಬರಹ, ಅವನು ತೀರಿಕೊಂಡ ಮೇಲೆ 1702ರಲ್ಲಿ ಅಚ್ಚಾಯಿತು. ಹಿರೈಜುಮಿಯ ಪುಟಕ್ಕೆ ಬಂದಾಗ ನಿಧಾನಿಸಿ. ಹೇಕೆ ಯುದ್ಧದ ವೀರ ಯೊಶಿತ್ಸುನೆ ಅಣ್ಣನಿಂದಲೇ ಬೆನ್ನಟ್ಟಿಸಿಕೊಂಡು ಸತ್ತ ಊರು ಅದು, 1189ರಲ್ಲಿ, ಸರಿಯಾಗಿ ಐನೂರು ವರ್ಷ ಮೊದಲು. ಬಾಶೋ ಟೋಪಿಯನ್ನು ನೆಲದ ಮೇಲಿಟ್ಟು ಕೂತು, ಹೊತ್ತು ಹೋದದ್ದು ತಿಳಿಯದೆ ಅತ್ತ:

ಬೇಸಿಗೆ ಹುಲ್ಲು
ಕಾದಿದ ವೀರರೆಲ್ಲ
ಕಂಡ ಕನಸಿನ ಕುರುಹು

ಅತ್ಸುಮೊರಿಯ ಕೊಳಲು ಕೇಳಿ ಬಂದವರಿಗೆ ಆ ಹುಲ್ಲಿನಲ್ಲಿ ಏನಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಅದೇ ಊರಿನಲ್ಲಿ 1124ರಲ್ಲಿ ಕಟ್ಟಿದ, ಚಿನ್ನದ ರೇಕು ಹೊದಿಸಿದ ಗುಡಿಯೊಂದಿತ್ತು. ಸುತ್ತ ಗೋಡೆ, ಮೇಲೆ ಸೂರು ಹಾಕಿ ಗಾಳಿಮಳೆಯಿಂದ ಕಾಪಾಡಿದ್ದರು, ಈಗಲೂ ಇದೆ. ಮಳೆಗಾಲದ ಮಳೆಯೂ ಇದೊಂದನ್ನು ಬಿಟ್ಟು ಸುರಿಯಿತೇನೋ, ಈ ಬೆಳಕಿನ ಗುಡಿ ಎಂದು ಇನ್ನೊಂದು ಪದ್ಯ ಬರೆದ. ಮೂಲದಲ್ಲಿ ‘ಸಮಿದರೆ ನೊ / ಫುರಿ ನೊಕೊಶಿತೆ ಯ / ಹಿಕರಿದೋ.’ ನಡುವಿನ ಪಾದದ ಮೊದಲ ಮಾತನ್ನು ಬಾಯಿಬಿಟ್ಟು ಓದಿ. ಕೊಮಚಿ ಕಿಟಕಿಯಲ್ಲಿ ಕೂತು ನೋಡಿದ ‘ಫುರು’ ಅದು, ಮಳೆಯೂ ಹೌದು, ಕಳೆದ ಕಾಲವೂ ಹೌದು.